ಶಾಲೆ ಮಕ್ಕಳೂ ಹಿಡಿಯುವ ಚೆಂಡು

"ನೀನಾ?!"

ಕಾಮೆಂಟ್ರಿ ಬಾಕ್ಸಿನ ಬಾಗಿಲು ತಳ್ಳಿದ ಕೂಡಲೇ ಅವಳ ಬಾಯಿಂದ ಬಂದ ಮಾತು ಇದೊಂದೇ.

ಒಳಗೆ ಆಟಗಾರ್ತಿಯರ ಹೆಸರುಗಳನ್ನು ತುಟಿಯಲ್ಲೇ ಬಾಯಿಪಾಠ ಮಾಡುತ್ತ ಕೂತಿದ್ದವನು ತಲೆ ಎತ್ತಿದ. ಎತ್ತಿದವನು ಹಾಗೆಯೇ ಉಳಿದ. ದೇಶವೆಲ್ಲ ಕೇಳುವಂತೆ ಮಾತಾಡಿಯೇ ಹೊಟ್ಟೆ ಹೊರೆಯುವ ಮನುಷ್ಯ, ಈಗ ನೋಡಿದರೆ ಒಂದು ಪದಕ್ಕೂ ಗತಿಯಿಲ್ಲ!

"ಬೇರೆ ಯಾರೋ ಇರ್ತಾರೆ ಅಂದಿದ್ರಲ್ಲ ಸಾರ್?" ಅವಳು ಹಿಂದೆ ನಿಂತಿದ್ದ ಚಾನೆಲ್ ಮ್ಯಾನೇಜರ್ ಕಡೆ ತಿರುಗಿದಳು.

"ಅವ್ರಿಗೆ ಗಂಟಲು ಕಟ್ಟಿದೆ ಮೇಡಂ. ಕೊನೇ ಗಳಿಗೇಲಿ ಯಾರನ್ನ ಹುಡುಕ್ಲಿ?" ಮ್ಯಾನೇಜರ್ ಮುಖದಲ್ಲಿ ಅಂಥ ಬೇಸರವೇನೂ ಕಾಣಲಿಲ್ಲ. "ಅಲ್ಲದೆ ನೀವಿಬ್ರೂ ಒಂದೇ ಬಾಕ್ಸಲ್ಲಿ ಅಂದ್ರೆ, ಜನ ಟೀವಿ ಮುಂದಿಂದ ಏಳ್ತಾರಾ ಹೇಳಿ!"

ಓಹೋ... ಹೀಗೋ ಸಮಾಚಾರ!

ಅವಳು ಬಂದ ಹಾಗೇ ಹೊರಟುಬಿಡುತ್ತಿದ್ದಳು. ಆದರೆ ಎದುರಿನ ಗಾಜಿನಾಚೆ, ಕೆಳಗೆ ಮೈದಾನದಲ್ಲಿ, ಹಳದಿ ಅಂಗಿ ತೊಟ್ಟ ಹುಡುಗಿಯೊಬ್ಬಳು ಗೋಲಿನ ಕಂಬವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅಕ್ಕನ ಮಗಳು. ಚೆಂಡಿಗೆ ಹೆದರದಂತೆ ನಿಲ್ಲುವುದನ್ನು ಇವಳೇ ಕಲಿಸಿ ಬೆಳೆಸಿದ ಗೋಲ್‌ಕೀಪರ್. ದೇಶದ ಫುಟ್‌ಬಾಲ್ ತಂಡದಲ್ಲಿ ಇವತ್ತು ಅವಳ ಮೊದಲ ಪಂದ್ಯ. "ಚಿಕ್ಕಮ್ಮಾ, ನೀನು ಮೇಲೆ ಕೂತಿದ್ದೀಯ ಅಂದ್ರೆ ನಂಗೆ ಕಾಲು ನಡುಗಲ್ಲ" ಎಂದು ಫೋನಿನಲ್ಲಿ ಹತ್ತು ಸಲ ಹೇಳಿದ್ದಳು.

ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಬೆಕ್ಕು..." ಅವನು ಮೆಲ್ಲಗೆ ಕರೆದ.

"ಮೇಡಂ ಅನ್ನಿ."

"...ಸರಿ ಮೇಡಂ."

ಆ ಒಂದು ಹೆಸರು ಸಾಕಾಯಿತು. ಬೇಡ ಬೇಡವೆಂದರೂ ಮನಸ್ಸು ಹಿಂದಕ್ಕೆ ಓಡಿತು.

ನೀರಿನ ಟ್ಯಾಂಕಿನ ಹಿಂದೆ ಒಂದು ಖಾಲಿ ಜಾಗ. ಎರಡು ಚಪ್ಪಲಿ ಇಟ್ಟರೆ ಗೋಲು. ಸಂಜೆಯಾದರೆ ಬೀದಿಯ ಮಕ್ಕಳೆಲ್ಲ ಅಲ್ಲೇ. ಇವಳು ಮಣ್ಣಿನಲ್ಲಿ ಬಿದ್ದೆದ್ದು ಚೆಂಡು ಹಿಡಿಯುತ್ತಿದ್ದಳು. ಆ ಕಾಲದಲ್ಲಿ ಅವಳ ಮೊಣಕಾಲಿನ ಗಾಯ ಒಣಗಿದ್ದೇ ಇಲ್ಲ! ಅವನಿಗೋ ಉಬ್ಬಸ. ನಾಲ್ಕು ಹೆಜ್ಜೆ ಓಡಿದರೆ ಎದೆ ಸಿಳ್ಳೆ ಹಾಕುತ್ತಿತ್ತು. ಪಾಪ, ಆಡಲಾರ, ಮನೆಯಲ್ಲಿ ಕೂರಲಾರ. ಅದಕ್ಕೇ ಕಾಂಪೌಂಡ್ ಗೋಡೆ ಹತ್ತಿ, ಮನೆಯಿಂದ ತಂದ ಸ್ಟೀಲ್ ಲೋಟವನ್ನು ಬಾಯಿಗೆ ಹಿಡಿದು ಕಾಮೆಂಟ್ರಿ ಶುರು ಹಚ್ಚಿಕೊಳ್ಳುತ್ತಿದ್ದ.

"ಹಾರಿತು ನೋಡಿ ಬೆಕ್ಕು! ಬಾಲ ಒಂದು ಇಲ್ಲ, ಅಷ್ಟೇ!"

"ಏಯ್ ವಟವಟ, ಕೆಳಗೆ ಇಳಿದು ಬಾ, ಹಲ್ಲು ಉದುರಿಸ್ತೀನಿ!"

"ಸ್ಟೇಡಿಯಂನಿಂದ ಬೆದರಿಕೆ ಬರ್ತಾ ಇದೆ ವೀಕ್ಷಕರೇ..."

ಅಷ್ಟರಲ್ಲಿ ಕಿಟಕಿಯಿಂದ ಅವನ ಅಮ್ಮನ ಕೂಗು. "ಲೋಟ ತಂದಿಡೋ ಪುಣ್ಯಾತ್ಮ! ಮನೇಲಿ ನೀರು ಕುಡಿಯೋಕೆ ಒಂದೂ ಉಳಿದಿಲ್ಲ!"

ಅವಳು ಬೆಳೆದಳು, ತಂಡ ಸೇರಿದಳು. ಅವನೂ ಬೆಳೆದ, ಲೋಟ ಹೋಗಿ ನಿಜವಾದ ಮೈಕ್ ಬಂತು. ಪಂದ್ಯ ಮುಗಿದ ಮೇಲೆ ಸ್ಟೇಡಿಯಂ ಹಿಂದಿನ ಅಂಗಡಿಯಲ್ಲಿ ಇಬ್ಬರೂ ಟೀ ಕುಡಿಯುತ್ತ, ಬಸ್ಸುಗಳನ್ನು ಒಂದಾದ ಮೇಲೊಂದು ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದರು. ಎರಡೂ ಮನೆಯವರು ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೇ ಸಂಬಂಧ ಗಟ್ಟಿ ಮಾಡಿಕೊಂಡಿದ್ದರು. ಅವಳು ಅವನನ್ನು ತುಂಬ ಪ್ರೀತಿಸುತ್ತಿದ್ದಳು. ಇದರಲ್ಲಿ ಸುತ್ತಿ ಬಳಸಿ ಹೇಳುವಂಥದ್ದೇನಿದೆ?

ಆಮೇಲೆ ಆ ಫೈನಲ್ ಬಂತು.

ದೂರದಿಂದ ತೆವಳಿಕೊಂಡು ಬಂದ ಚೆಂಡು. ಅವಳ ಎರಡು ಕೈಗಳ ನಡುವೆ ಜಾರಿ ಒಳಗೆ ಹೋಯಿತು. ಕಪ್ಪೂ ಹೋಯಿತು. ಆ ಹೊತ್ತಿನಲ್ಲಿ ದೇಶದ ಪ್ರತಿ ಮನೆಯಲ್ಲೂ ಕೇಳಿದ್ದು ಒಂದು ದನಿ. ಅವನ ದನಿ!

"ಅಯ್ಯೋ, ಇದನ್ನ ಶಾಲೆ ಮಕ್ಕಳೂ ಹಿಡೀತಿದ್ರು!"

ಇಷ್ಟೇ ಮಾತು. ಆದರೆ ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಟೀವಿಯವರು ಆ ಚೆಂಡನ್ನು ನಿಧಾನವಾಗಿ ತೋರಿಸಿ, ಅವನ ಮಾತು ಕೇಳಿಸಿ, ಹಿಂದೆ ಶಾಲೆಯ ಗಂಟೆಯ ಸದ್ದು ಸೇರಿಸಿ ದಿನಗಟ್ಟಲೆ ಓಡಿಸಿದರು. 'ಗೋಡೆ' ಎಂದು ಹೊಗಳುತ್ತಿದ್ದ ಪೇಪರಿನವರೇ 'ಜರಡಿ' ಎಂದು ಬರೆದರು. ಮುಂದಿನ ಪಂದ್ಯಕ್ಕೆ ಹುಡುಗರ ಗುಂಪೊಂದು ಬೆನ್ನಿಗೆ ಶಾಲೆಯ ಬ್ಯಾಗು ಹಾಕಿಕೊಂಡು ಬಂದು, ಅವಳ ಗೋಲಿನ ಹಿಂದೆಯೇ ಕೂತಿತು. ಅವಳು ಚೆಂಡು ಮುಟ್ಟಿದಾಗಲೆಲ್ಲ ಎದ್ದು ನಿಂತು "ನಮಸ್ತೇ ಟೀಚರ್!" ಎಂದು ಕೂಗಿತು. ತರಕಾರಿ ತರಲು ಹೋದ ಅಮ್ಮ ಬರಿಗೈಯಲ್ಲಿ ಅಳುತ್ತ ಮನೆಗೆ ಬಂದಳು.

ಬೈದವರು ಸಾವಿರ ಜನ. ಅವರನ್ನೆಲ್ಲ ಅವಳು ಸಹಿಸಿಕೊಂಡಳು. ಆದರೆ ಆ ಬೈಗುಳವನ್ನು ಅವರ ಬಾಯಿಗೆ ಹಾಕಿಕೊಟ್ಟವನು?

ಅವನು ಮನೆಗೆ ಬಂದ. ಬಾಗಿಲ ಹೊರಗೇ ನಿಲ್ಲಿಸಿ ಒಂದೇ ಮಾತು ಹೇಳಿದಳು. "ಇನ್ಮೇಲೆ ನನ್ನ ಕಣ್ಣಿಗೆ ಬೀಳಬೇಡ."

ಅವನು ಮಾತು ಕೇಳಿದ. ಎಷ್ಟರಮಟ್ಟಿಗೆ ಎಂದರೆ, ಅವಳು ಆಡುವ ಪಂದ್ಯಕ್ಕೆ ಮತ್ತೆಂದೂ ಮೈಕ್ ಹಿಡಿಯಲೇ ಇಲ್ಲ. 'ನನ್ನ ಆಟಕ್ಕೆ ದನಿ ಕೊಡೋದೂ ಇವನಿಗೆ ನಾಚಿಕೆ' ಎಂದುಕೊಂಡಳು ಅವಳು. ಶಾಲೆ ಮಕ್ಕಳ ಆ ಮಾತಿನಿಂದಲೇ ಅವನಿಗೆ ಹೆಸರು ಬಂತು, ದೊಡ್ಡ ದೊಡ್ಡ ಪಂದ್ಯಗಳು ಬಂದವು. 'ನನ್ನನ್ನ ಮೆಟ್ಟಿಲು ಮಾಡ್ಕೊಂಡು ಹತ್ತಿದ' ಎಂದುಕೊಂಡಳು. ಕೆಲವು ವರ್ಷ ಹಲ್ಲು ಕಚ್ಚಿ ಆಡಿ, ಒಂದು ದಿನ ಯಾರಿಗೂ ಹೇಳದೆ ಗ್ಲೌಸ್ ಕಳಚಿಟ್ಟಳು.

"ಮೇಡಂ, ಇಲ್ಲಿ ನೋಡಿ," ಮ್ಯಾನೇಜರ್ ಅವಳ ಮುಂದಿನ ಮೇಜನ್ನು ತೋರಿಸಿದ. "ಇದು ಕೆಮ್ಮಿನ ಗುಂಡಿ. ಕೆಮ್ಮು, ಸೀನು ಬಂದ್ರೆ ಇದನ್ನ ಒತ್ತಿ ಹಿಡೀರಿ, ನಿಮ್ಮ ಮೈಕ್ ಬಂದ್. ಕೈ ತೆಗೆದ್ರೆ ಮತ್ತೆ ಶುರು. ಗೊತ್ತಾಯ್ತಲ್ಲ?"

"ಹೂಂ."

"ಇನ್ನೊಂದು ವಿಷ್ಯ..." ಮ್ಯಾನೇಜರ್ ತನ್ನ ಫೋನನ್ನು ಅವಳ ಮುಂದೆ ಹಿಡಿದ. "ಜನ ಆಗ್ಲೇ ಶುರು ಮಾಡ್ಕೊಂಡಿದ್ದಾರೆ."

'ಮಗಳು ಗೋಲಿನಲ್ಲಿ, ಚಿಕ್ಕಮ್ಮ ಮೈಕಿನಲ್ಲಿ. ಮನೆ ಮಂದಿಯ ಕಾರ್ಯಕ್ರಮ!' 'ಇವತ್ತು ಮಗಳು ಏನು ಮಾಡಿದ್ರೂ ಚಿನ್ನ ಅಂತಾಳೆ ನೋಡಿ!'

"ಪಕ್ಷಪಾತ ಅನ್ನಿಸಬಾರದು ಮೇಡಂ. ಚಾನೆಲ್ ಮರ್ಯಾದೆ ಪ್ರಶ್ನೆ."

ಮ್ಯಾನೇಜರ್ ತನ್ನ ಕೋಣೆಗೆ ಹೊರಟುಹೋದ ಮೇಲೆ ಅವಳು ಹೆಡ್‌ಫೋನ್ ಏರಿಸಿಕೊಂಡಳು.

ಪಂದ್ಯ ಶುರುವಾಯಿತು. ಮೊದಲಿಗೆ ಅವಳ ಮಾತೇ ಹೊರಡಲಿಲ್ಲ. ಅವನು ಅದನ್ನು ಯಾರಿಗೂ ಗೊತ್ತಾಗದಂತೆ ಸಂಭಾಳಿಸಿದ. ಅವಳಿಗೆ ಗೊತ್ತಿರುವ ಜಾಗ ಬಂದಾಗ ತಾನು ಸುಮ್ಮನಾಗುತ್ತಿದ್ದ. ಅವಳು ತಡವರಿಸಿದರೆ ಮೆತ್ತಗೆ ಒಂದು ಪ್ರಶ್ನೆ ಕೇಳುತ್ತಿದ್ದ.

"ಗೋಲ್‌ಕೀಪರ್ ಈಗ ಏನು ಯೋಚನೆ ಮಾಡ್ತಿರ್ತಾರೆ ಮೇಡಂ?"

"ಮೂಗು ತುರಿಸ್ತಿದೆ, ಗ್ಲೌಸ್ ಹಾಕ್ಕೊಂಡು ಹೇಗೆ ಕೆರ್ಕೊಳ್ಳಲಿ ಅಂತ."

ಅವನು ಜೋರಾಗಿ ನಕ್ಕುಬಿಟ್ಟ. ಗೋಡೆಯ ಮೇಲೆ ಕೂತು ನಗುತ್ತಿದ್ದನಲ್ಲ, ಅದೇ ನಗು! ಒಂದು ಗಳಿಗೆ ಅವಳಿಗೆ ಎಲ್ಲವೂ ಮರೆತುಹೋಯಿತು. ಆ ಮಣ್ಣು, ಆ ಸಂಜೆ, ಮನೆಗೆ ಬರದೆ ಆಡುತ್ತಿದ್ದವರನ್ನು ಕೂಗುವ ಅಮ್ಮಂದಿರು... 'ಎಷ್ಟು ಚೆನ್ನಾಗಿತ್ತು ದೇವರೇ! ಎಲ್ಲಾ ಹಾಳು ಮಾಡ್ದೆಯಲ್ಲೋ...' ಎಂದು ಮನಸ್ಸಿನಲ್ಲೇ ಅವನನ್ನು ಬೈದುಕೊಂಡಳು.

ಎರಡನೇ ಅರ್ಧದಲ್ಲಿ ಆಗಬಾರದ್ದು ಆಯಿತು.

ಎದುರಾಳಿಯೊಬ್ಬಳು ದೂರದಿಂದ ಒದ್ದ ಚೆಂಡು. ಅಂಥ ವೇಗವೇನೂ ಇರಲಿಲ್ಲ. ಹಳದಿ ಅಂಗಿಯ ಹುಡುಗಿ ಬಗ್ಗಿದಳು. ಚೆಂಡು ನೆಲಕ್ಕೆ ಬಡಿದದ್ದು ಪುಟಿಯಲೇ ಇಲ್ಲ, ಅವಳ ಕೈಯಡಿಯಿಂದ ನುಸುಳಿ ಒಳಗೆ ಹೋಯಿತು. ಸ್ಟೇಡಿಯಂ 'ಹೋ' ಎಂದು ಎದ್ದು ನಿಂತಿತು.

ಅವನು ಅವಳ ಕಡೆ ನೋಡಿದ. ಈಗ ಮಾತಾಡಬೇಕಾದವಳು ಅವಳು.

ಅವಳ ತಲೆಯೊಳಗೆ ಆ ಫೋನಿನ ಸಾಲುಗಳೇ ಗುಂಯ್‌ಗುಟ್ಟಿದವು. ಮಗಳು ಏನು ಮಾಡಿದರೂ ಚಿನ್ನ... ಮನೆ ಮಂದಿಯ ಕಾರ್ಯಕ್ರಮ... ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿ ಹೊರಬಂತು.

"ಇದು ಕ್ಷಮಿಸೋ ತಪ್ಪಲ್ಲ! ಇಂಥ ಚೆಂಡು ಬಿಡೋ ಹುಡುಗಿ ಈ ತಂಡದಲ್ಲಿ ಇರೋಕೆ..."

ತಟ್ಟನೆ ಅವಳ ಕಿವಿಯಲ್ಲಿ ಅವಳ ದನಿಯೇ ನಿಂತುಹೋಯಿತು.

ನೋಡಿದರೆ, ಅವನು ಮೇಜಿನ ಮೇಲೆ ಅಡ್ಡ ಬಾಗಿ ಅವಳ ಕೆಮ್ಮಿನ ಗುಂಡಿಯನ್ನು ಒತ್ತಿ ಹಿಡಿದಿದ್ದ! ಇನ್ನೊಂದು ಕೈ ಅವನದೇ ಗುಂಡಿಯ ಮೇಲೆ. ಜನರಿಗೆ ಈಗ ಕೇಳುತ್ತಿದ್ದುದು ಬರೀ ಸ್ಟೇಡಿಯಂನ ಗದ್ದಲ.

"ಮುಗಿಸಬೇಡ," ಎಂದ. ಮುಖ ಬಿಳಿಚಿಕೊಂಡಿತ್ತು. "ನಿನ್ನ ದಮ್ಮಯ್ಯ ಅಂತೀನಿ, ಆ ಮಾತು ಮುಗಿಸಬೇಡ. ಆಮೇಲೆ ಅದು ವಾಪಸ್ ಬರಲ್ಲ ಕಣೇ. ನಂಗೊತ್ತು."

ಹೆಡ್‌ಫೋನಿನಲ್ಲಿ ಮ್ಯಾನೇಜರ್ ಕಿರುಚುತ್ತಿದ್ದ. "ಯಾಕ್ರೀ ಸದ್ದಿಲ್ಲ? ಮಾತಾಡ್ರೀ!"

ಅವಳು ಗಾಜಿನಾಚೆ ಹಳದಿ ಅಂಗಿಯ ಕಡೆ ನೋಡಿದಳು.

"ನಾನ್ಯಾಕೆ ಹಾಗಂದೆ? ಅವಳು ನನ್ನ ಜೀವ ಕಣೋ... ಎತ್ತಿ ಆಡಿಸಿದ ಕೂಸು. ಪಕ್ಷಪಾತ ಅಂತಾರೇನೋ ಅನ್ನೋ ಭಯಕ್ಕೆ ನನ್ನ ಬಾಯಲ್ಲಿ..."

ಅವಳು ನಿಧಾನವಾಗಿ ಅವನ ಮುಖ ನೋಡಿದಳು.

"ನೀನೂ... ಹಾಗೇನಾ?"

ಅವನ ಕಣ್ಣು ತುಂಬಿತ್ತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಗುಂಡಿ!

"ಫೈನಲ್ ದಿನ ಬೆಳಗ್ಗೆ ಪೇಪರಲ್ಲಿ ಬಂದಿತ್ತು. ಗೋಲ್‌ಕೀಪರ್‌ನ ಹುಡುಗನೇ ಕಾಮೆಂಟ್ರಿಗೆ ಕೂತಿದ್ದಾನೆ ಅಂತ. ಇಡೀ ಆಟ ನಿನ್ನ ಹೆಸರು ಹೇಳೋಕೇ ಹೆದರ್ತಿದ್ದೆ. ಚೆಂಡು ಒಳಗೆ ಹೋದಾಗ, ಎಲ್ಲರಿಗಿಂತ ಮೊದಲು ನಾನೇ ಬೈದುಬಿಟ್ರೆ ನಮ್ಮಿಬ್ರ ಬಗ್ಗೆ ಯಾರೂ ಏನೂ ಅನ್ನಲ್ಲ ಅನ್ಕೊಂಡೆ. ಎಂಥಾ ಪೆದ್ದ ನೋಡು! ಆಮೇಲೆ ನಿನ್ನ ಆಟಕ್ಕೆ ಕೂರೋ ಧೈರ್ಯ ಬರ್ಲಿಲ್ಲ. ನನ್ನ ನಾಲಗೆ ಮೇಲೆ ನಂಗೇ ನಂಬಿಕೆ ಇರ್ಲಿಲ್ಲ. ಅವತ್ತು ನನ್ನ ಪಕ್ಕ ಗುಂಡಿ ಒತ್ತೋಕೆ ಯಾರೂ ಇರ್ಲಿಲ್ಲ ಬೆಕ್ಕು."

ಅಷ್ಟು ವರ್ಷ ಅವಳು ಜೋಪಾನ ಮಾಡಿಕೊಂಡು ಬಂದ ಸಿಟ್ಟು ಅದೆಲ್ಲಿ ಹೋಯಿತೋ! ಬೇರೆ ಯಾವತ್ತು ಅವನು ಈ ಕಾರಣ ಹೇಳಿದ್ದರೂ ನೆಪ ಎನ್ನುತ್ತಿದ್ದಳು. ಆದರೆ ಅದೇ ಮಾತು ಈಗ ತಾನೇ ಅವಳ ನಾಲಗೆಯ ತುದಿಯವರೆಗೆ ಬಂದು ಹೋಗಿತ್ತಲ್ಲ.

"ಗುಂಡಿ ಬಿಡು," ಎಂದಳು.

"ಏನು ಹೇಳ್ತೀಯ?"

"ಬಿಡೋ."

ಅವನು ಕೈ ತೆಗೆದ.

"ವೀಕ್ಷಕರೇ, ಈಗ ಅಂದ ಮಾತು ತಪ್ಪು. ಅದನ್ನ ವಾಪಸ್ ತಗೋತೀನಿ." ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಆ ಚೆಂಡು ನೆಲಕ್ಕೆ ಬಡಿದ ಮೇಲೆ ಏಳಲೇ ಇಲ್ಲ. ಗೋಲಿನಲ್ಲಿ ನಿಂತವರಿಗೆ ಗೊತ್ತು ಅದರ ಕಷ್ಟ. ನಂಗೂ ಹೀಗೇ ಆಗಿತ್ತು. ಆಮೇಲೆ ನೀವೆಲ್ಲ ನನ್ನ ಏನಂತ ಕರೆದ್ರಿ ಅಂತ ನಿಮಗೂ ನೆನಪಿದೆ. ಇವಳಿಗೆ ಹಾಗೆ ಮಾಡ್ಬೇಡಿ, ಕೈ ಮುಗೀತೀನಿ. ಇವಳು ನನ್ನ ಅಕ್ಕನ ಮಗಳು. ಪಕ್ಷಪಾತ ಅಂತೀರಾ? ಹೌದು, ಪಕ್ಷಪಾತಾನೇ!"

ಮ್ಯಾನೇಜರ್ ಹೆಡ್‌ಫೋನಿನಲ್ಲಿ ಏನೇನೋ ಅಂದ. ಅದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ!

ಆಟ ಮುಂದುವರಿಯಿತು. ಹುಡುಗಿ ಆಮೇಲೆ ಎರಡು ಒಳ್ಳೆಯ ಚೆಂಡು ಹಿಡಿದಳು. ಆದರೂ ಅದೊಂದು ಗೋಲಿನಿಂದ ತಂಡ ಸೋತಿತು. ಬೈಯುವವರು ಬೈದರು. ಆದರೆ ಈ ಸಲ 'ಪಾಪ, ಹೋಗ್ಲಿ ಬಿಡ್ರಪ್ಪ' ಎಂದವರೂ ಬಹಳ ಜನ ಇದ್ದರು.

ಡ್ರೆಸ್ಸಿಂಗ್ ರೂಮಿನ ಹೊರಗೆ ಹುಡುಗಿ ಓಡಿಬಂದು ಚಿಕ್ಕಮ್ಮನ ಕೊರಳಿಗೆ ಜೋತುಬಿದ್ದು ಅತ್ತಳು. ಅತ್ತು ಹಗುರಾದ ಮೇಲೆ, ಸ್ವಲ್ಪ ದೂರದಲ್ಲಿ ತಲೆ ತಗ್ಗಿಸಿ ನಿಂತವನನ್ನು ಮೇಲಿಂದ ಕೆಳಗೆ ನೋಡಿದಳು.

"ಚಿಕ್ಕಮ್ಮಾ, ಆ ಶಾಲೆ ಮಕ್ಕಳ ಮಾತು ಅಂದಿದ್ದು ಇವ್ರೇನಾ?"

"ಹೂಂ, ಇವನೇ."

"ನಾಲ್ಕು ಬೈಲಾ?"

"ಬೇಡ. ಇವನನ್ನ ಬಯ್ಯೋ ಹಕ್ಕು ನಂದು."

ಹುಡುಗಿ ಮೂಗು ಒರೆಸಿಕೊಳ್ಳುತ್ತ ಒಬ್ಬರ ಮುಖ ಆದಮೇಲೆ ಇನ್ನೊಬ್ಬರ ಮುಖ ನೋಡಿದಳು. ಚುರುಕಾದ ಹುಡುಗಿ, ಏನೂ ಕೇಳದೆ ತಂಡದ ಬಸ್ಸಿನ ಕಡೆ ನಡೆದಳು.

ಹೊರಗೆ ಬಿಸಿಲು ಇಳಿದಿತ್ತು. ಖಾಲಿಯಾಗುತ್ತಿದ್ದ ಗ್ಯಾಲರಿಯಲ್ಲಿ ಯಾರೋ ಕಸ ಗುಡಿಸುತ್ತಿದ್ದರು. ಇಬ್ಬರೂ ಮೆಟ್ಟಿಲ ಮೇಲೆ ಕೂತರು, ಮಧ್ಯೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.

"ಮದುವೆ ಯಾಕೆ ಮಾಡ್ಕೊಂಡಿಲ್ಲ?" ಅವಳೇ ಕೇಳಿದಳು.

"ಅಮ್ಮ ಹೆಣ್ಣು ತೋರಿಸಿದ್ಲು. ನಂಗೆ ಮಾತೇ ಬರ್ಲಿಲ್ಲ. ಹುಡುಗ ಮೂಗನಾ ಅಂತ ಕೇಳಿ ಕಳಿಸಿದ್ರು."

ಅವಳಿಗೆ ನಗುವೂ ಬಂತು, ಅಳುವೂ ಬಂತು. "ನೀನು... ಮೂಗ!"

"ನಿಜ ಕಣೇ. ನೀನು ಕೇಳಿಸ್ಕೊಳ್ಳಲ್ಲ ಅಂದ ಮೇಲೆ ಮಾತಾಡೋಕೆ ಏನಿದೆ?"

ಅವಳು ಮಧ್ಯದ ಜಾಗಕ್ಕೆ ಸರಿದು ಕೂತಳು. ಎಷ್ಟೋ ವರ್ಷ ಒಳಗೇ ಇಟ್ಟುಕೊಂಡದ್ದು ತಾನಾಗಿ ಹೊರಬಂತು.

"ನಿನ್ನನ್ನ ತುಂಬಾ ಪ್ರೀತಿಸ್ತಿದ್ದೆ ಕಣೋ. ಅದಕ್ಕೇ ಅಷ್ಟು ನೋವಾಯ್ತು. ಈಗ್ಲೂ... ಈಗ್ಲೂ ಅಷ್ಟೇ ಪ್ರೀತಿ ಇದೆ. ಹೋಗ್ಲಿಲ್ಲ, ಏನ್ ಮಾಡ್ಲಿ?"

ಅವನು ಅಂಗೈಯಿಂದ ಕಣ್ಣು ಒರೆಸಿಕೊಂಡ.

"ಏನೋ ಇದು? ಈಗ್ಲೂ ಮಾತಿಲ್ವಾ?"

"ಇದೆ. ಆದ್ರೆ ನಿನ್ನ ಬಗ್ಗೆ ನಾನು ಏನು ಹೇಳಿದ್ರೂ ಪಕ್ಷಪಾತ ಆಗುತ್ತೆ."

"ಆಗ್ಲಿ."

"ಜನ ಆಡ್ಕೋತಾರೆ."

"ಆಡ್ಕೊಂಡು ಸಾಕಾಗಿದೆ ಅವ್ರಿಗೂ." ಅವಳು ಅವನ ಕೈಯನ್ನು ತನ್ನ ಎರಡು ಕೈಗಳಲ್ಲೂ ಗಟ್ಟಿಯಾಗಿ ಹಿಡಿದುಕೊಂಡಳು. "ನನ್ನ ಕಡೆಗೇ ಮಾತಾಡು. ಒಂದು ಚೂರೂ ನ್ಯಾಯ ನೋಡ್ಬೇಡ."

"ಎಷ್ಟು ದಿನ?"

"ಸಾಯೋವರೆಗೂ."

ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನಕ್ಕ.

"ಹಾಗಾದ್ರೆ ನೀರು ತರಿಸು ಕಣೇ... ಮಾತು ತುಂಬಾ ಇದೆ."