ನಡಕೋತ ಹೇಳ್ತೀನಿ, ಬರ್ರಿ

ಡೌಟ್ ಕೇಳಲು ಬಂದ ಹುಡುಗಿಯನ್ನು ಅಲ್ಲೇ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಗುವ ಮೇಷ್ಟ್ರನ್ನು ಶೀತಲ ತನ್ನ ಜನ್ಮದಲ್ಲೇ ಕಂಡಿರಲಿಲ್ಲ.

ಹೈದರಾಬಾದಿನ ಅಮೀರಪೇಟೆಯ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿಗೆ ಸೇರಿ ಅವಳಿಗೆ ವಾರವೂ ಆಗಿರಲಿಲ್ಲ. ಎರಡು ಸಾವಿರದ ಇಸವಿ. ಜಾವಾ ಬಂದರೆ ಅಮೆರಿಕಾ, ಬಾರದಿದ್ದರೆ ವಾಪಸ್ ಊರು ಅಂತ ಇಡೀ ಬೀದಿಯೇ ನಂಬಿಕೊಂಡಿದ್ದ ಕಾಲ. ಕಲಬುರ್ಗಿಯಿಂದ ಬಂದ ಶೀತಲಳಿಗೆ ನಿದ್ದೆ ಹಾರಿಹೋಗಿತ್ತು, ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಾಕ್ ಇಂಟರ್‌ವ್ಯೂನಲ್ಲಿ ಅಪ್ಪನ ಹೆಸರು ಕೇಳಿದರೆ, ಸೂಗಪ್ಪ ಅನ್ನಲಿಕ್ಕೂ ತಡವರಿಸಿದ್ದಳು. ಇಷ್ಟು ಸಾಲದು ಅಂತ ಈ ಲ್ಯಾಬ್ ಇನ್‌ಸ್ಟ್ರಕ್ಟರ್ ವೈಭವ ಅವಳ ಪ್ರಶ್ನೆಯನ್ನು ಪೂರಾ ಕೇಳಿಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಎದ್ದವನೇ ಬಾಗಿಲು ದಾಟಿಬಿಟ್ಟ.

ಅವಮಾನಕ್ಕೆ ಅವಳ ಕಿವಿ ಬಿಸಿಯಾಯಿತು. ಪಕ್ಕದ ಕಂಪ್ಯೂಟರಿನಲ್ಲಿದ್ದ ಅನ್ವಿತಾ ನಕ್ಕಳು. ಮೈಸೂರಿನವಳು, ಹಾಸ್ಟೆಲಿನಲ್ಲಿ ಶೀತಲಳ ರೂಮ್‌ಮೇಟ್.

"ಹೋಗೇ ಹಿಂದೆ. ಅವ್ರು ಕೂತ್ಕೊಂಡು ಡೌಟ್ ಹೇಳ್ಕೊಡಲ್ಲ. ನಮ್ಮಂಥ ಕುರ್ಚಿಗೆ ಅಂಟ್ಕೊಂಡಿರೋರ್ನ ಎಬ್ಬಿಸಿ ನಡೆಸೋಕೆ ಅವ್ರ ಉಪಾಯ ಕಣೇ ಅದು."

ಕೆಳಗೆ ಜೆರಾಕ್ಸ್ ಅಂಗಡಿಯ ಮುಂದೆ ಅವನು ಕಾಯುತ್ತಿದ್ದ.

"ಈಗ ಕೇಳ್ರಿ. ನಡಕೋತ ಹೇಳ್ತೀನಿ, ಬರ್ರಿ."

"ನಾ ವಾಕಿಂಗ್ ಮಾಡಾಕ ಬಂದಿಲ್ರಿ ಸರ್. ಜಾವಾ ಕಲಿಯಾಕ ಬಂದೀನಿ."

"ಎರಡೂ ಒಂದೇ ಫೀಸಿನ್ಯಾಗ ಬರ್ತಾವ. ಲೈಟ್ ತಗೋರಿ, ಭಾಳ ತಲಿಗೆ ಹಚ್ಕೋಬ್ಯಾಡ್ರಿ," ಎಂದ. ಕಾಚಿಗೂಡದಲ್ಲೇ ಹುಟ್ಟಿ ಬೆಳೆದ ಹುಡುಗ, ಅವನ ಮನೆಯ ಕನ್ನಡದ ನಡುವೆ ಹೈದರಾಬಾದಿನ ಗಾಳಿ ಬೀಸುತ್ತಲೇ ಇರುತ್ತಿತ್ತು.

ಮೊದಲ ದಿನ ಬಲ್ಕಂಪೇಟ ಎಲ್ಲಮ್ಮನ ಗುಡಿ ಮುಟ್ಟುವಷ್ಟರಲ್ಲಿ ಅವಳಿಗೆ ಏದುಸಿರು. ಅವನು "ದಣಿವಾತೇನು" ಅಂತ ಕೇಳಲಿಲ್ಲ. ಕನ್ನಡಕ ಒರೆಸುವ ನೆಪದಲ್ಲಿ ನಿಂತ. ಗಾಜಿನ ಮೇಲೆ ಒಂದು ಚೂರೂ ಧೂಳಿರಲಿಲ್ಲ. ಅವಳ ಉಸಿರು ಹದಕ್ಕೆ ಬಂದಿತೋ ಇಲ್ಲವೋ ಅಂತ ಓರೆಗಣ್ಣಲ್ಲಿ ನೋಡಿ, ಬಂದಿದೆ ಅನ್ನಿಸಿದ ಮೇಲೆಯೇ ಕನ್ನಡಕ ಏರಿಸಿದ. ಇದನ್ನು ಶೀತಲ ಗಮನಿಸಲಿಲ್ಲ ಅಂತ ಅವನು ತಿಳಿದಿದ್ದ ಪಾಪ.

ಆಮೇಲೆ ದಿನಾ ಬೆಳಿಗ್ಗೆ ನಡಿಗೆ ಶುರುವಾಯಿತು. ಒಂದು ಡೌಟಿಗೆ ಬೇಗಂಪೇಟೆ, ದೊಡ್ಡ ಡೌಟಾದರೆ ಸಂಜೀವಯ್ಯ ಪಾರ್ಕಿನವರೆಗೆ. ನಾಲ್ಕಾರು ಹುಡುಗರು ಜತೆಗೆ ಬರುತ್ತಿದ್ದರು, ಬಜ್ಜಿ ಬಂಡಿ ಕಂಡಲ್ಲಿ ಒಬ್ಬೊಬ್ಬರೇ ಉದುರುತ್ತಿದ್ದರು. ಕೊನೆಗೆ ಉಳಿಯುವವರು ಇಬ್ಬರೇ. ರಸ್ತೆ ದಾಟುವಾಗ ಅವನ ಕೈ ಅವಳ ಮುಂದೆ ಅಡ್ಡ ಬರುತ್ತಿತ್ತು, ಮುಟ್ಟದಂತೆ, ಲಾರಿಯನ್ನೇ ತಡೆಯುತ್ತೇನೆಂಬ ಠೀವಿಯಲ್ಲಿ. ಆ ಕೈ ನೋಡುತ್ತ ಅವಳು ಎಷ್ಟೋ ಸಲ ಉತ್ತರವನ್ನೇ ಕೇಳಿಸಿಕೊಂಡಿರಲಿಲ್ಲ.

ನಿದ್ದೆ ಮರಳಿತು. ಹಸಿವಾಗತೊಡಗಿತು. ಹಾಸ್ಟೆಲಿನ ನೀರು ಸಾಂಬಾರನ್ನೂ ಎರಡನೇ ಸಲ ಹಾಕಿಸಿಕೊಂಡದ್ದು ನೋಡಿ ಅನ್ವಿತಾ ಕಣ್ಣರಳಿಸಿದಳು. "ಸತ್ಯ ಹೇಳು, ನಿಂಗೆ ನಿಜವಾಗ್ಲೂ ಡೌಟ್ ಉಳಿದಿದ್ಯಾ?"

ಉಳಿದಿರಲಿಲ್ಲ. ಹಿಂದೆ ಕೇಳಿದ ಪ್ರಶ್ನೆಯನ್ನೇ ತಿರುಚಿ ಮುರುಚಿ ಕೇಳುತ್ತಿದ್ದಳು.

"ಇದನ್ನ ಹ್ವಾದ ವಾರ ಹೇಳಿದ್ದೆನಲ್ರಿ," ಎಂದ ಒಂದು ದಿನ.

"ಮರ್ತೀನ್ರಿ."

"ಮರ್ತಿಲ್ಲ ನೀವು." ತುಟಿ ಬಿಗಿಹಿಡಿದರೂ ನಗು ಕಣ್ಣಿನಿಂದ ಜಾರಿತು. "ಆದ್ರೂ ಹೇಳ್ತೀನಿ. ಇವತ್ತ ಪಾರ್ಕ್ ತನಕ ಹೇಳ್ತೀನಿ."

ಕೋರ್ಸ್ ಮುಗಿಯುವ ಹೊತ್ತಿಗೆ ಅವಳಿಗೆ ಬೇಗಂಪೇಟೆಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಸೇರಿದ ಮರುದಿನದಿಂದಲೇ ಹೊಸ ಕಳವಳ. ಕಲಬುರ್ಗಿಯಿಂದ ಅಪ್ಪನ ಫೋನು.

"ಬೀದರಿನ ಕಡೆ ಒಂದು ಗಂಡಿನ ಮನಿತನ ಬಂದೈತಿ. ಮನಸಿನ್ಯಾಗ ಯಾರರ ಇದ್ರ ಈಗ್ಲೇ ಹೇಳವ್ವ. ಆ ಹುಡುಗ ಬಂದು ನನ್ನ ಮುಂದ ಕುಂತು ಮಾತಾಡಲಿ, ನಾ ಬ್ಯಾಡನ್ನಂಗಿಲ್ಲ. ಅಮಾಸಿ ದಾಟಿದ್ರ ಅವರಿಗೆ ಮಾತು ಕೊಡ್ತೀನಿ ನೋಡು."

ಯಾರರ ಇದ್ರ! ಇದ್ದಾನೆ. ಆದರೆ ಇರುವವನು ಬಾಯಿ ಬಿಡಬೇಕಲ್ಲ? ಜಗತ್ತಿನ ಸಂಗತಿಯೆಲ್ಲ ಮಾತಾಡಿದ, ಒಂದೇ ಒಂದು ಮಾತು ಆಡಲಿಲ್ಲ. ಇನ್‌ಸ್ಟಿಟ್ಯೂಟಿನ ಪುಡಿ ಸಂಬಳಕ್ಕೆ ಸಂಕೋಚಪಡುತ್ತಿದ್ದಾನೆ ಅಂತ ಶೀತಲ ತಾನೇ ಲೆಕ್ಕ ಹಾಕಿದಳು. ತನ್ನ ಮ್ಯಾನೇಜರ್ ಹತ್ತಿರ ಅವನ ಹೆಸರು ಹೇಳಿ ಬಂದಳು. ಸೋಮವಾರ ಇಂಟರ್‌ವ್ಯೂಗೆ ಕಳಿಸಿ ಅಂದರು. ಓಡುತ್ತ ಹೋಗಿ ಹೇಳಿದರೆ, ಅವನ ಮುಖ ಕಪ್ಪಿಟ್ಟಿತು.

"ಯಾರು ಕೇಳಿದ್ರು ನಿಮಗ?"

ಇಷ್ಟೇ ಅಂದ. ಮರುದಿನ ಬೆಳಿಗ್ಗೆ ನಡೆಯಲು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವಳ ಗಂಟಲಲ್ಲಿ ಮತ್ತೆ ಅನ್ನ ಇಳಿಯದಾಯಿತು. ಏನು ತಪ್ಪು ಮಾಡಿದೆ ನಾನು? ಒಳ್ಳೆಯದಾಗಲಿ ಅಂತ ತಾನೇ ಮಾಡಿದ್ದು? ಅಮಾವಾಸ್ಯೆ ಹತ್ತಿರ ಬರುತ್ತಿತ್ತು.

ಭಾನುವಾರ ಸಂಜೀವಯ್ಯ ಪಾರ್ಕಿನಲ್ಲಿ ಸಿಕ್ಕ. ಒಬ್ಬನೇ ಬಿರಬಿರನೆ ನಡೆಯುತ್ತಿದ್ದ. ಅವಳು ಹೆಜ್ಜೆ ಕೂಡಿಸಿದಳು. ನಿಲ್ಲು ಅನ್ನಲಿಲ್ಲ, ನಿಂತರೆ ಅವನು ಮಾತಾಡುವುದಿಲ್ಲ ಅಂತ ಗೊತ್ತಿತ್ತು.

"ಸಿಟ್ಟು ಬಂದೈತೇನ್ರಿ?"

"ಸಿಟ್ಟಲ್ಲ, ಅಂಜಿಕಿ." ಅವನ ಹೆಜ್ಜೆ ಇನ್ನೂ ಬಿರುಸಾಯಿತು. "ನಾಕು ಮಂದಿ ಎದುರು ಕುರ್ಚಿ ಮ್ಯಾಲ ಕುಂತ ಕೂಡ್ಲೇ ನನಗ ಎದಿ ಹೊಡ್ಕೋತೈತಿ, ಉಸಿರು ಸಿಗಂಗಿಲ್ಲ. ಹ್ವಾದ ಇಂಟರ್‌ವ್ಯೂದಾಗೆಲ್ಲ ಎದ್ದು ಹೊರಗ ಓಡಿ ಬಂದೀನಿ. ಒಂದ್ಸಲ ಗೇಟಿನಿಂದಾನೇ ತಿರುಗಿ ಬಂದೆ. ನಡದ್ರ ಮಾತ್ರ ಹಗುರ ಆಗ್ತೈತಿ. ನಿಮಗೆಲ್ಲ ವ್ಯಾಯಾಮ ಮಾಡ್ಸಾಕತ್ತೀನಿ ಅಂತ ಭಾಳ ಹೊಗಳ್ತೀರಲ್ಲ, ಮೊದಲು ನಡದದ್ದು ನನ್ನ ಜೀವ ಉಳಿಸ್ಕೊಳ್ಳಾಕ್ರಿ."

ಶೀತಲಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ದಿನ ನನ್ನ ಏದುಸಿರು ಕಾದವನು, ತನ್ನದನ್ನು ಮಾತ್ರ ಮುಚ್ಚಿಟ್ಟುಕೊಂಡನೇ?

"ನಾಕು ಮಂದಿ ಮುಂದ ಕೂಡಾಕ ಆಗದವ್ರು ನಮ್ಮಪ್ಪನ ಮುಂದ ಹ್ಯಾಂಗ ಕೂಡ್ತೀರಿ?" ಎಂದುಬಿಟ್ಟಳು.

ಅವನು ನಿಂತ. ಕನ್ನಡಕದ ನೆಪವಿಲ್ಲದೆ ಅವನು ನಿಂತದ್ದನ್ನು ಅವಳು ನೋಡಿದ್ದು ಅದೇ ಮೊದಲು. ಆಡಿದ ಮಾತು ಅರ್ಥವಾಗಿ ಅವಳು ಚೂಡಿದಾರಿನ ದುಪಟ್ಟಾವನ್ನು ಬೆರಳಿಗೆ ಸುತ್ತತೊಡಗಿದಳು. ಅವನು ಕನ್ನಡಕ ತೆಗೆದ, ಒರೆಸುವುದನ್ನು ಮರೆತ.

"ಅಪ್ಪಾರ ಮುಂದ ಯಾಕ ಕೂಡ್ಬೇಕು ನಾ?"

"ಅದನ್ನೂ ನಾನೇ ಹೇಳ್ಬೇಕೇನ್ರಿ? ಅಮಾಸಿ ದಾಟಿದ್ರ ಬೀದರಿನವ್ರಿಗೆ ಮಾತು ಕೊಡ್ತಾರಂತ."

ಸೋಮವಾರ ಇಬ್ಬರೂ ಅಮೀರಪೇಟೆಯಿಂದ ಕಂಪನಿವರೆಗೆ ನಡೆದರು. ಅವಳು ರಜೆ ಹಾಕಿದ್ದಳು. ಡೌಟ್ ಇಲ್ಲ, ಜಾವಾ ಇಲ್ಲ. ಗೇಟಿನ ಹತ್ತಿರ ಅವನ ಹಣೆ ಬೆವತಿತ್ತು. "ಒಳಗ ಎದಿ ಹೊಡ್ಕೊಂಡ್ರ ಹೊಡ್ಕೊಳ್ಳಲಿ," ಎಂದಳು, "ಕುಂತಿರ್ರಿ ಸಾಕು." ಅವನು ಒಳಗೆ ಹೋದ.

ಎದುರಿನ ಇರಾನಿ ಹೋಟೆಲಿನಲ್ಲಿ ಅವಳ ಚಹಾ ಕೆನೆಗಟ್ಟಿತು. ಗೇಟಿನಿಂದ ಯಾರೇ ಬಿರುಸಾಗಿ ಹೊರಬಂದರೂ ಅವಳ ಜೀವ ಹೋಗಿ ಬರುತ್ತಿತ್ತು. ಓಡಿ ಬಂದುಬಿಟ್ಟರೆ? ಬಂದವನು ತನ್ನ ಮುಖ ನೋಡದೆ ಹಾಗೇ ಕಾಚಿಗೂಡಕ್ಕೆ ಹೋಗಿಬಿಟ್ಟರೆ? ಕೆಲಸ ಸಿಗದಿದ್ದರೂ ಚಿಂತೆಯಿಲ್ಲ ತಾಯೇ, ಅವನು ಎದ್ದು ಓಡದಿರಲಿ ಅಂತ ಎಲ್ಲಮ್ಮನಿಗೆ ಹರಕೆ ಹೊತ್ತಳು.

ಕಡೆಗೂ ಬಂದ. ನಿಧಾನವಾಗಿ ಬಂದ. ಅಂಗಿ ಬೆನ್ನಿಗೆ ಅಂಟಿತ್ತು.

"ಆಗ್ಲಿಲ್ರಿ," ಎಂದ. "ಅನುಭವ ಸಾಲದಂತ. ಅಲ್ಲೇ ಹೇಳಿದ್ರು."

ಅವನ ಕೈಯನ್ನು ಅವಳು ಮೊದಲ ಸಲ ಹಿಡಿದಳು.

"ಆದ್ರ ಅವ್ರು ಏಳ್ರಿ ಅನ್ನೋತನಕ ಕುಂತಿದ್ದೆ. ಎದಿ ಹೊಡ್ಕೊಂಡ್ತು. ಹೊಡ್ಕೊಳ್ಳಲಿ ಬಿಡು ಅಂದೆ." ಅವನು ಸುತ್ತ ನೋಡಿದ. "ಇಲ್ಲಿ ಎಸ್‌ಟಿಡಿ ಎಲ್ಲೈತ್ರಿ?"

ಎರಡು ಅಂಗಡಿಯಾಚೆ ಗಾಜಿನ ಫೋನ್ ಬೂತು, ಒಳಗೆ ಒಂದೇ ಸ್ಟೂಲು. ಅವಳು ನಂಬರ್ ಹೇಳಿದಳು, ಅವನೇ ಒತ್ತಿದ. ರಿಂಗಾಗುತ್ತಿರುವಾಗ ಬಾಗಿಲ ಕಡೆ ಒಮ್ಮೆ ನೋಡಿದ. ಅವಳು ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.

"ಯಾರ್ರಿ ಮಾತಾಡೋದು?" ಆ ಕಡೆಯಿಂದ ಸೂಗಪ್ಪನ ಗಡಸು ದನಿ ಅವಳಿಗೂ ಕೇಳಿಸಿತು.

ವೈಭವ ಸ್ಟೂಲ್ ಎಳೆದುಕೊಂಡು ಕುಳಿತ.

"ನಮಸ್ಕಾರ್ರಿ. ನಾ ವೈಭವ ಅಂತ, ಹೈದರಾಬಾದಿನಿಂದ. ನಿಮ್ಮ ಮಗಳನ್ನ ಕೇಳಾಕ ಎಂದು ಬರಲ್ರಿ?"