ಇಮಲಮ್ಮನ ಕಾರ್ಡು

ಆ ಆಸಾಮಿ ನಮ್ಮ ನಿಘಂಟು ಕಚೇರಿಗೆ ಬಂದ ದಿನವೇ ನನಗೆ ಮೈಯೆಲ್ಲ ಉರಿದಿತ್ತು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ದೇವರ ಹೆಸರುಗಳ ಒಳಗುಟ್ಟು ಬಿಡಿಸಿ ಹೇಳುತ್ತೇನೆಂದು ವಾರವಾರವೂ ಪತ್ರಿಕೆಯಲ್ಲಿ ಜನರ ಕಿವಿಗೆ ಹೂವಿಡುವ ಅಂಕಣಕಾರ. ಕಚೇರಿಯಲ್ಲಿ ಅವನಿಗೆ ನಾವಿಟ್ಟ ಹೆಸರೇ ಒಳಗುಟ್ಟು.

ಈಗ ಆ ಅಂಕಣಗಳೆಲ್ಲ ಪುಸ್ತಕವಾಗಬೇಕಂತೆ. ತಪ್ಪು ತಿದ್ದಿಕೊಡಿ ಎಂದು ಸಂಪಾದಕರು ಅವನನ್ನು ನನ್ನ ಮೇಜಿಗೆ ತಂದು ಕೂರಿಸಿದರು. ಹದಿನೆಂಟು ವರ್ಷದಿಂದ ಒಂದೊಂದು ಶಬ್ದಕ್ಕೆ ಒಂದೊಂದು ಕಾರ್ಡು ಬರೆಯುವವಳು ನಾನು. ಬೇರು ಸಿಗದಿದ್ದರೆ 'ತಿಳಿದಿಲ್ಲ' ಎಂದು ಬರೆದು ಡ್ರಾಯರಿಗೆ ಹಾಕುತ್ತೇನೆ. ಡ್ರಾಯರಿನ ಕಾರ್ಡುಗಳ ಜೆರಾಕ್ಸ್ ಲೈಬ್ರರಿಗೂ ಹೋಗುತ್ತದೆ. ಅವನ ಪುಸ್ತಕದಲ್ಲಿ ಆ ಮಾತು ಒಂದು ಸಲವೂ ಇರಲಿಲ್ಲ.

"ನನ್ನ ಆಧಾರಗಳೆಲ್ಲ ಇದರಲ್ಲಿವೆ," ಎಂದು ದಪ್ಪ ಲಕೋಟೆ ಕೊಟ್ಟ.

"ನಿಮಗೂ ಆಧಾರ ಇರುತ್ತಾ?" ಎಂದು ಅದನ್ನು ಟೀ ಲೋಟದ ಕೆಳಗಿಟ್ಟೆ.

ಅವನು ಲೋಟವನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಲೋಟವನ್ನು ನೋಡಿದ. ತುಟಿಯ ಒಂದು ತುದಿ ಮಾತ್ರ ನಕ್ಕಿತು. ಅದನ್ನು ಗಮನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ದಿನಾ ಮಧ್ಯಾಹ್ನ ಎದುರು ಕೂತು ನನ್ನ ಕೆಂಪು ಪೆನ್ನನ್ನೇ ನೋಡುತ್ತಿದ್ದ.

"ಇದೂ ತಪ್ಪಾ?"

"ತಪ್ಪಲ್ಲ, ಬೊಗಳೆ."

"ಎರಡಕ್ಕೂ ಏನು ವ್ಯತ್ಯಾಸ?"

"ತಪ್ಪು ಮಾಡೋಕೆ ಸ್ವಲ್ಪ ಓದಿರಬೇಕು."

ನಗುತ್ತಿದ್ದ. ಬೈಸಿಕೊಂಡು ನಗುವ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎರಡನೇ ವಾರಕ್ಕೆ, ಅವನು ಬರುವ ಹೊತ್ತಿಗೆ ಸರಿಯಾಗಿ ಕೂದಲು ನೇವರಿಸಿಕೊಳ್ಳುತ್ತಿದ್ದೆ. ಥೂ, ನನ್ನ ಬುದ್ಧಿಗಿಷ್ಟು.

ನಲವತ್ತನೇ ಪುಟದಲ್ಲಿ ಇಮಲಮ್ಮ ಸಿಕ್ಕಳು. ನಮ್ಮ ಅಜ್ಜಿಯ ಮನೆದೇವರು. ಆಸಾಮಿ ಬರೆದಿದ್ದ: 'ಇಮಲಮ್ಮ ಎಂದರೆ ಕರೆಯುವ ಮೊದಲೇ ಬರುವವಳು.'

ಕೆಂಪು ಪೆನ್ನನ್ನು ಕೆಳಗಿಟ್ಟೆ. ಆ ಬೊಗಳೆ ಅವನದಲ್ಲ, ನನ್ನದು. ಹದಿನಾರು ವರ್ಷದ ಹಿಂದೆ ಹಾಸಿಗೆ ಹಿಡಿದಿದ್ದ ಅಜ್ಜಿ, "ಜೀವಮಾನವೆಲ್ಲ ಕರೆದೆ, ಅವಳ ಹೆಸರಿಗೆ ಅರ್ಥ ಏನೇ?" ಎಂದು ಕೇಳಿದ್ದಳು. ತಿಳಿದಿಲ್ಲ ಎನ್ನಲು ಬಾಯಿ ಬರಲಿಲ್ಲ. ತೋಚಿದ್ದು ಹೇಳಿದೆ. ಬರೆದುಕೊಡು ಎಂದಳು, ಚೀಲದಲ್ಲಿದ್ದ ಕಚೇರಿಯ ಕಾರ್ಡಿನ ಮೇಲೆ ಬರೆದುಕೊಟ್ಟೆ. ಅವಳು ಹೋದ ಮೇಲೆ ಅದನ್ನು ಹರಿಯಲು ಮನಸ್ಸಾಗದೆ ಡ್ರಾಯರಿಗೆ ಸೇರಿಸಿದ್ದೆ.

ಇದು ಗೊತ್ತಾದರೆ ನನ್ನ ಉಳಿದ ಕಾರ್ಡುಗಳನ್ನು ಯಾರು ನಂಬುತ್ತಾರೆ? ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸುವ ಜಾತಿ ನನ್ನದು. ಇನ್ನಷ್ಟು ಜೋರಾದೆ.

"ಇದನ್ನ ಯಾವ ಕನಸಲ್ಲಿ ಕಂಡ್ರಿ? ಜನ ನಂಬ್ತಾರೆ ಅಂತ ಏನು ಬೇಕಾದ್ರೂ ರೈಲು ಬಿಡೋದಾ?"

ಈ ಸಲ ಅವನು ನಗಲಿಲ್ಲ. "ಹೊಡೆದುಹಾಕಿ. ಭಾನುವಾರ ಲೈಬ್ರರಿಯಲ್ಲಿ ನನ್ನ ಭಾಷಣ ಇದೆ. ತಪ್ಪಾಯ್ತು ಅಂತ ಅಲ್ಲೇ ಹೇಳಿಬಿಡ್ತೀನಿ."

ಅವನು ಹೋದ ಮೇಲೆ ಲೋಟ ಸರಿಸಿ ಲಕೋಟೆ ಬಿಚ್ಚಿದೆ. ಎಲ್ಲಕ್ಕಿಂತ ಮೇಲೆ ನನ್ನ ಸಹಿಯಿದ್ದ ಆ ಕಾರ್ಡಿನ ಜೆರಾಕ್ಸ್ ಇತ್ತು. ಅಂಚಿನಲ್ಲಿ ಅವನ ಅಕ್ಷರ: 'ಇವರು ಬರೆದಿದ್ದಾರೆ. ಕಣ್ಣುಮುಚ್ಚಿ ನಂಬಬಹುದು.'

ಭಾನುವಾರ ಸಭಾಂಗಣ ತುಂಬಿತ್ತು. ಅವನು ಮೈಕಿನ ಮುಂದೆ ನಿಂತು, "ಇಮಲಮ್ಮನ ಹೆಸರಿಗೆ ನಾನು ಹೇಳಿದ ಅರ್ಥ ಸುಳ್ಳು. ತಪ್ಪು..." ಎನ್ನುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

"ತಪ್ಪು ನಂದು," ಎಂದೆ. "ನಿಘಂಟಿನ ಕೆಲಸದವಳು ನಾನು. ನಮ್ಮಜ್ಜಿ ಸಮಾಧಾನಕ್ಕೆ ಕಾರ್ಡಲ್ಲಿ ಸುಳ್ಳು ಬರೆದೆ. ಇವರು ಅದನ್ನ ನಂಬಿದ್ರು ಅಷ್ಟೆ. ಆ ಹೆಸರಿನ ಅರ್ಥ ಯಾರಿಗೂ ತಿಳಿದಿಲ್ಲ."

ಮುಂದಿನ ಸಾಲಿನಲ್ಲಿದ್ದ ಸಂಪಾದಕರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಹೊರಗೆ ಬಂದುಬಿಟ್ಟೆ. ಮೆಟ್ಟಿಲ ಮೇಲೆ ಅವನೂ ಬಂದು ನಿಂತ.

"ನಂದು ಅಂತ ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ? ಅಷ್ಟು ಬೈದೆನಲ್ಲ."

"ಎರಡು ವರ್ಷದಿಂದ ಇದೇ ಲೈಬ್ರರಿಯಲ್ಲಿ ನಿಮ್ಮ ಕಾರ್ಡುಗಳನ್ನ ಓದ್ತಿದ್ದೀನಿ. ಎಲ್ಲದರಲ್ಲೂ ಬರೀ ಶಬ್ದ. ಅದೊಂದರಲ್ಲಿ ಮಾತ್ರ ಯಾರ ಮೇಲೋ ಪ್ರೀತಿ ಇತ್ತು. ಅದನ್ನ ಬರೆದವರನ್ನ ನೋಡ್ಬೇಕು ಅನ್ನಿಸ್ತು, ನೋಡಿದೆ. ಆಮೇಲೆ ದಿನಾ ನೋಡ್ಬೇಕು ಅನ್ನಿಸ್ತು."

ನನ್ನ ಮುಖ ಬಿಸಿಯಾಯಿತು. "ನಿಮ್ಮ ಪುಸ್ತಕದಲ್ಲಿ ಇನ್ನೂ ಇನ್ನೂರು ಪುಟ ಬೊಗಳೆ ಬಾಕಿ ಇದೆ."

"ಹೊಡೀರಿ."

"ನಿಮ್ಮನ್ನ ತಿದ್ದೋಕೆ ಒಂದು ಜನ್ಮ ಸಾಲಲ್ಲ."

"ಅದನ್ನೇ ನಾನೂ ಕೇಳ್ತಿರೋದು," ಎಂದ. ತುಟಿಯ ಎರಡೂ ತುದಿ ನಗುತ್ತಿದ್ದವು.

ಮರುದಿನ ಸಂಪಾದಕರು ಬಾಗಿಲಲ್ಲೇ ನಿಲ್ಲಿಸಿದರು. "ನೀವು ಬರೆದ ಅಷ್ಟೂ ಕಾರ್ಡು ಮತ್ತೆ ಪರಿಶೀಲನೆ ಆಗಬೇಕಮ್ಮ. ಒಂದೂ ಬಿಡೋ ಹಾಗಿಲ್ಲ." ಹದಿನೆಂಟು ವರ್ಷದ ಕೆಲಸ. ಮಾಡಿದ್ದುಣ್ಣೇ ಮಾರಾಯ್ತಿ ಎಂದುಕೊಂಡು ಒಳಗೆ ಹೋದೆ.

ಆಸಾಮಿ ಅಂಗಿಯ ತೋಳು ಮಡಚಿಕೊಂಡು ನನ್ನ ಮೇಜಿನ ಮುಂದೆ ಕೂತಿದ್ದ. ಮೊದಲ ಡ್ರಾಯರು ಆಗಲೇ ತೆರೆದಿತ್ತು. ನಾನು ಅವನನ್ನು ಕರೆದಿರಲಿಲ್ಲ.