ಗಡಿಗೆ ಇಪ್ಪತ್ತು ಮಾರು

“ಗೇಟ್ ತೆಗೀರಿ ವೈನಿ! ಇಲ್ಲಂದ್ರ ಮುರದ ಒಳಗ ಬರ್ತೀವಿ!”

ಮೂರು ಜೀಪು. ಹನ್ನೆರಡು ಜನ. ಎದುರಿಗೆ ನಾನು… ಕೈಯಲ್ಲಿ ಟಿಫಿನ್ ಡಬ್ಬಿ!

ಗಂಡ ವಿಶಾಲ ತೀರಿಹೋಗಿ, ಅವನ ಹದಿಮೂರನೇ ದಿನದ ದಿನಕರ್ಮ ಮುಗಿದು, ನೆಂಟರೆಲ್ಲ ಊರು ಸೇರಿದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ ಅದು. ನಾನು ಶೈಲಾ. ಕಾಗವಾಡದ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಲಾ ಆಫೀಸರ್. ಕರಾರುಪತ್ರ ಓದುವುದು ನನ್ನ ಕೆಲಸ. ಗೇಟು ಕಾಯುವುದಲ್ಲ.

ಇಷ್ಟು ದಿನ ಅಳು ಬಂದಿರಲಿಲ್ಲ. ಆ ಹೊತ್ತು ಹೆದರಿಕೆಯೂ ಬರಲಿಲ್ಲ.

ಅದೇ ಉಪಯೋಗಕ್ಕೆ ಬಂತು!

ಕೂಗಿದವನು ವಿಕ್ರಾಂತ. ರಾಜ್ಯದ ಗಡಿಯಾಚೆಯ ಟ್ರಾನ್ಸ್‌ಪೋರ್ಟ್ ಮಾಲೀಕ. ನಮ್ಮ ಕಬ್ಬು ಕಟಾವು ಮಷಿನ್ ತನ್ನದೆಂದು ಆ ಕಡೆಯ ಕೋರ್ಟಿನಿಂದ ಜಪ್ತಿ ವಾರಂಟ್ ತಂದಿದ್ದ. ಜಾರಿ ಮಾಡಲು ಜೊತೆಗೆ ಕೋರ್ಟ್ ಅಮೀನ ಗಂಗಾರಾಮ. ಇದ್ದದ್ದೊಂದೇ ಮಷಿನ್. ಅದು ಹೋದರೆ ನಮ್ಮ ಹಂಗಾಮು ಮುಗಿದಂತೆ!

“ಹತ್ತ ನಿಮಿಷ ಕೊಡ್ರಿ. ಕಾಗದ ಓದ್ತೀನಿ.”

“ಐದ!”

ಇಂಥ ಹೊತ್ತಿಗೆ ಕಂಪನಿಯೊಳಗಿನ ವಕೀಲರು ಏನು ಮಾಡುತ್ತಾರೆ ಹೇಳಿ? ಹೊರಗಿನ ಪಳಗಿದ ವಕೀಲರಿಗೆ ಫೋನ್! ಚಿಕ್ಕೋಡಿಯಲ್ಲಿ ನಮ್ಮ ಓಣಿಯವರೇ ದಾದಾಸಾಹೇಬ ಕಾಕಾ. ನಲವತ್ತು ವರ್ಷ ಜಪ್ತಿಯ ಕೇಸುಗಳನ್ನೇ ನಡೆಸಿದವರು. ಅವರಿಗೆ ಕತೆ ಹೇಳಬಾರದು. ಕೇಳಿದ್ದಕ್ಕಷ್ಟೇ ಉತ್ತರ.

“ಎಮ್ಮಿ ಮೈ ತೊಳ್ಯಾಕತ್ತೇನಿ. ಲಗೂ ಹೇಳ.”

“ಜಪ್ತಿ ವಾರಂಟ್ ಬಂದೈತಿ ಕಾಕಾ…”

“ಅದರ ಮ್ಯಾಲ ಕೋರ್ಟಿನ ಶಿಕ್ಕಾ, ಮೊಹರು, ಎಷ್ಟ ಅದಾವ?”

“ಒಂದ. ಆಚೆ ಕಡೆ ಕೋರ್ಟಿಂದು.”

“ನಮ್ಮ ಕೋರ್ಟಿಂದು?”

“ಇಲ್ಲ.”

“ಮುಗೀತಲ್ಲ! ಇಲ್ಲಿ ಜಾರಿ ಆಗಬೇಕಂದ್ರ ನಮ್ಮ ಕೋರ್ಟಿನ ಕೈಯಾಗ ಹಾದು ಬರಬೇಕು. ಆ ಅಮೀನನ ಅಧಿಕಾರ ಗಡಿ ತನಕ ಅಷ್ಟ. ಮಷಿನ್ ಎಲ್ಲೈತಿ?”

“ಹಿಂದಿನ ಶೆಡ್ಡಿನಾಗ…”

ಪಕ್ಕದಲ್ಲಿದ್ದ ವಾಚ್‌ಮನ್ ಬೀರದೇವ ತಲೆ ಅಲ್ಲಾಡಿಸಿದ. ಮೆಲ್ಲಗೆ ಉಸುರಿದ: “ಡ್ರೈವರ್ ಮಲಕಾರಿ ರಿಪೇರಿಗಂತ ಗಡಿ ಆಚೆ ಮಿರಜಿಗೆ ಹೊಡಕೊಂಡ ಹೋಗ್ಯಾನ್ರಿ. ಈಗರ ಹೋದ.”

“ಫೋನ್ ಹಚ್ಚ ಅವಗ!”

“ಗಾಡಿ ಹೊಡಿಯುವಾಗ ಎತ್ತೂದಿಲ್ರಿ ಅವ.”

ಒಳ್ಳೆಯ ಡ್ರೈವರ್. ಕೆಟ್ಟ ದಿನ!

ಎರಡೂ ಕಡೆ ಬೀಗರು, ಎರಡೂ ಕಡೆ ಗ್ಯಾರೇಜು… ನಡುವೆ ಒಂದು ಗಡಿ ಇದೆಯೆಂದು ನಮ್ಮ ಜನಕ್ಕೆ ನೆನಪೇ ಇರುವುದಿಲ್ಲ. ಮಲಕಾರಿಗೂ ಇರಲಿಲ್ಲ. ಅಮೀನನಿಗೂ ಇರಲಿಲ್ಲ!

“ಕಾಕಾ, ಮಷಿನ್ ಗಡಿ ದಾಟಾಕ ಹೊಂಟೈತಿ!”

“ದಾಟಿದ್ರ ಆ ವಾರಂಟಿಗೆ ಜೀವ ಬರತೈತಿ! ಓಡ ತಂಗಿ! ಫೋನ್ ಇಡಬ್ಯಾಡ!”

ಗೇಟನ್ನು ಪೂರ್ತಿ ತೆರೆಸಿದೆ. “ಬರ್ರಿ, ಒಳಗ ಹುಡುಕ್ರಿ. ಬೀರದೇವ, ಸಾಹೇಬ್ರಿಗೆ ಚಹಾ!”

ವಿಕ್ರಾಂತ ನಗುತ್ತ ಒಳಗೆ. ನಾನು ಸ್ಕೂಟಿ ಹತ್ತಿ ಹೊರಗೆ!

ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ಎಡಕ್ಕೆ… ಬಲಕ್ಕೆ… ಒಂದು ಕಬ್ಬಿನ ಸೋಗೆ ಕೆನ್ನೆ ಗೀರಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಜೀಪು! ಖಾಲಿ ಶೆಡ್ ನೋಡಿ ಬೆನ್ನು ಹತ್ತಿದ್ದರು.

ಮುಂದೆ ನಮ್ಮ ಮಷಿನ್. ಮನೆಯಷ್ಟು ದೊಡ್ಡದು, ಎಮ್ಮೆಯಷ್ಟು ನಿಧಾನ. ಗಡಿಯ ಬೋರ್ಡಿಗೆ ಇಪ್ಪತ್ತು ಮಾರು…

ಸ್ಕೂಟಿ ಅಡ್ಡ ಹಾಕಿದೆ. ಬ್ರೇಕ್ ಕಿರುಚಿತು.

“ಅಕ್ಕಾರ! ಸಾಯ್ತಿದ್ರಲ್ರಿ!” ಮಲಕಾರಿ ಬೆವತಿದ್ದ.

“ಮನ್ಯಾಗ ಒಬ್ರು ಸತ್ತಾರ, ಸಾಕ. ಎಂಜಿನ್ ಬಂದ್ ಮಾಡ!”

ಜೀಪುಗಳು ಬಂದು ನಿಂತವು. ವಿಕ್ರಾಂತ ಜಿಗಿದಿಳಿದ. “ಹತ್ರಿಲೇ ಮ್ಯಾಲ! ಆಚೆ ದಾಟಸ್ರಿ!”

ನಾಲ್ವರು ಮಲಕಾರಿಯ ಅಂಗಿ ಹಿಡಿದರು. ನಾನು ಫೋನಿನ ಸ್ಪೀಕರ್ ಹಾಕಿ ಗಂಗಾರಾಮನ ಮುಂದೆ ಹಿಡಿದೆ.

“ಅಮೀನಸಾಹೇಬ್ರ, ಈಗ ಎಲ್ಲಿ ನಿಂತೀರಿ?” ಕಾಕಾನ ದನಿ. ಹಿಂದೆಯೇ ಎಮ್ಮೆ ಒದರಿತು.

ಗಂಗಾರಾಮ ಬೋರ್ಡ್ ನೋಡಿದ. ಕಾಲ ಕೆಳಗೆ ನೋಡಿದ. “ಕರ್ನಾಟಕದಾಗ್ರಿ…”

“ಇಲ್ಲಿ ಕೈ ಹಚ್ಚಿದ್ರ ಅದು ಜಪ್ತಿ ಅಲ್ಲ, ಕಳವು. ನೌಕರಿ ಎಷ್ಟ ವರ್ಷ ಉಳದೈತಿ?”

“ಎರಡ್ರಿ.”

“ಹಂಗಾರ ಮನಿಗೆ ಹೋಗ್ರಿ.”

ಗಂಗಾರಾಮ ವಾರಂಟ್ ಮಡಚಿ ಕಿಸೆಗಿಟ್ಟ. ಅಷ್ಟೇ! ಆ ನಾಲ್ವರೂ ಮಲಕಾರಿಯ ಅಂಗಿ ಬಿಟ್ಟರು.

“ಮತ್ತ ಬರ್ತೀನಿ ವೈನಿ!” ವಿಕ್ರಾಂತ ಹಲ್ಲು ಕಡಿದ.

“ಬರ್ರಿ. ಎರಡ ಶಿಕ್ಕಾ ಹಾಕಿಸ್ಕೊಂಡ ಬರ್ರಿ!”

ಜೀಪುಗಳು ಹೋದವು. ಕಾಕಾ ಇನ್ನೂ ಲೈನಿನಲ್ಲಿದ್ದರು.

“ಕಾರ್ಖಾನಿಂದ ಫೀ ಎಷ್ಟ ಕೊಡಸ್ಲಿ ಕಾಕಾ?”

ಜಡ್ಜಿನ ಮುಂದೆ ತಡವರಿಸದ ಮನುಷ್ಯ ನನ್ನ ಮುಂದೆ ತಡವರಿಸಿದರು.

“ಫೀ ಬ್ಯಾಡ… ಹೆಂಗ ಕೇಳೂದ ತಂಗಿ… ವಿಶಾಲ ನನ್ನ ಏಣಿ ಒಯ್ದಿದ್ದ. ಮಾಳಿಗಿ ಹತ್ತಾಕ ಆಗವಲ್ದು.”

ಸಂಜೆ ಏಣಿ ಹೆಗಲಿಗೇರಿಸಿ ಓಣಿ ದಾಟಿದೆ. ಎರಡನೇ ಮೆಟ್ಟಿಲಿಗೆ ವಿಶಾಲ ತಂತಿ ಸುತ್ತಿ ಬಿಗಿ ಮಾಡಿದ್ದ. ಕೈ ಅಲ್ಲೇ ತಾಗುತ್ತಿತ್ತು. ಕಾಕಾನ ಗೋಡೆಗೆ ಒರಗಿಸಿ ಒಂದು ಕಾಗದ ಮುಂದೆ ಹಿಡಿದೆ.

“ಮುಟ್ಟೇತಿ ಅಂತ ಸಹಿ ಮಾಡ್ರಿ.”

“ಏಣಿಗೂ ರಸೀದಿ ಏನವಾ?”

“ಹೂಂರಿ.”

ವಿಶಾಲ ಹೋದಾಗಿನಿಂದ ಹದಿನಾಲ್ಕು ದಿನ ಅವನ ಹೆಸರಿನ ಎಲ್ಲ ಕಾಗದಕ್ಕೂ ನಾನೇ ಸಹಿ ಹಾಕಿದ್ದೆ. ಇದೊಂದಕ್ಕಾದರೂ ಬೇರೆಯವರು ಹಾಕಲಿ!